ಆಸ್ಕರ್ ಸಮಾರಂಭವನ್ನು ಟಿವಿಯಲ್ಲಿ ನೋಡಿ ಅಭಿಪ್ರಾಯ ಬರೆಯುವ ಬಗೆ

ಆಸ್ಕರ್ ಸಮಾರಂಭ ಮುಗಿದ ದಿನ ನಮ್ಮಲ್ಲಿ ಕೇಳಿಬರುವ ಬಹುಪಾಲು ಅಭಿಪ್ರಾಯಗಳು ಎರಡೇ ಬಗೆಯವು. ಮೆಚ್ಚಿನ ಚಿತ್ರಕ್ಕೆ ಪ್ರಶಸ್ತಿ ಬಂದಿದ್ದರೆ ಕಾರ್ಯಕ್ರಮ ಅದ್ಭುತವಾಗಿತ್ತು, ಬಾರದಿದ್ದರೆ ಎಲ್ಲವೂ ಮೊದಲೇ ನಿಶ್ಚಯವಾಗಿದ್ದ ನಾಟಕ. ಮೂರೂವರೆ ಗಂಟೆ ಕುಳಿತು ನೋಡಿದವರ ಬಳಿ ಇದಕ್ಕಿಂತ ಹೆಚ್ಚಿನ ಮಾತು ಇದ್ದೇ ಇರುತ್ತದೆ. ಆದರೆ ಕಂಡದ್ದನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬುದು ತಿಳಿಯದೆ ಹೊಗಳಿಕೆಯೂ ತೆಗಳಿಕೆಯೂ ಒಂದೇ ರಾಶಿಯಲ್ಲಿ ಬಿದ್ದುಬಿಡುತ್ತವೆ. ಆ ರಾಶಿಯನ್ನು ಬೇರ್ಪಡಿಸಿ ಬರೆಯುವ ಒಂದು ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ತಿಳಿಯಬೇಕಾದ ಮೂರು ಲೆಕ್ಕಗಳು

ಪರದೆಯ ಮೇಲೆ ಒಂದೇ ಕಾರ್ಯಕ್ರಮವಾಗಿ ಕಾಣುವ ಆಸ್ಕರ್ ಸಮಾರಂಭದ ಹಿಂದೆ ಮೂರು ಬೇರೆ ಬೇರೆ ಕೈಗಳಿವೆ. ಪ್ರಶಸ್ತಿ ಯಾರಿಗೆ ಎಂಬುದನ್ನು, ಅದನ್ನು ಕೊಡುವ ಚಿತ್ರರಂಗದವರ ಸಂಸ್ಥೆಯಾದ ಅಕಾಡೆಮಿಯ ಸುಮಾರು ಹತ್ತು ಸಾವಿರ ಸದಸ್ಯರ ಮತ ನಿರ್ಧರಿಸುತ್ತದೆ. ನಿರೂಪಕರು ಯಾರು, ಯಾವ ಪ್ರಶಸ್ತಿ ಯಾವಾಗ, ಹಾಡು ಇರಬೇಕೇ ಬೇಡವೇ, ಅಗಲಿದವರ ಸ್ಮರಣೆಗೆ ಎಷ್ಟು ಹೊತ್ತು ಎಂಬುದನ್ನೆಲ್ಲ ಆ ವರ್ಷಕ್ಕೆಂದು ಅಕಾಡೆಮಿ ಗೊತ್ತುಮಾಡಿದ ಕಾರ್ಯಕ್ರಮ ನಿರ್ಮಾಪಕರು ಯೋಜಿಸುತ್ತಾರೆ. ಪ್ರಸಾರದ ಅವಧಿ, ಜಾಹೀರಾತಿನ ವಿರಾಮ, ಯಾವ ಮಾತನ್ನು ಮೌನಗೊಳಿಸಬೇಕು ಎಂಬ ವಿಷಯಗಳಲ್ಲಿ 1976ರಿಂದ ಎಡೆಬಿಡದೆ ಸಮಾರಂಭವನ್ನು ಪ್ರಸಾರ ಮಾಡುತ್ತ ಬಂದಿರುವ ಅಮೆರಿಕದ ಎಬಿಸಿ ವಾಹಿನಿಯ ಮಾತು ನಡೆಯುತ್ತದೆ. ಭಾರತದಲ್ಲಿ ಕುಳಿತವರಿಗೆ ನಾಲ್ಕನೆಯ ಕೈಯೂ ಒಂದುಂಟು. ಎಬಿಸಿಯ ಜಾಹೀರಾತು ವಿರಾಮದಲ್ಲಿ ನಮಗೆ ಏನನ್ನು ತೋರಿಸಬೇಕೆಂದು ಇಲ್ಲಿನ ಪ್ರಸಾರಕರು ತೀರ್ಮಾನಿಸುತ್ತಾರೆ. 2025ರಲ್ಲಿ ಅದು ಸ್ಟಾರ್ ಮೂವೀಸ್ ವಾಹಿನಿ ಮತ್ತು ಜಿಯೊಹಾಟ್‌ಸ್ಟಾರ್‌ಗಳ ಕೆಲಸವಾಗಿತ್ತು.

ಈ ಲೆಕ್ಕಗಳು ಹೇಗೆ ಕಲಸಿಹೋಗುತ್ತವೆ ಎಂಬುದಕ್ಕೆ 2021ರ ಸಮಾರಂಭವನ್ನು ನೆನೆಯಬಹುದು. ಕೋವಿಡ್ ಕಾರಣದಿಂದ ಬಹುಪಾಲು ಕಾರ್ಯಕ್ರಮ ಲಾಸ್ ಏಂಜಲೀಸಿನ ಯೂನಿಯನ್ ಸ್ಟೇಷನ್ ಎಂಬ ರೈಲು ನಿಲ್ದಾಣದಲ್ಲಿ ನಡೆದ ಆ ವರ್ಷ, ವಾಡಿಕೆಯಂತೆ ಕೊನೆಯಲ್ಲಿ ಬರಬೇಕಿದ್ದ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಮುಂಚೆಯೇ ಕೊಟ್ಟು ಮುಗಿಸಿ, ಅತ್ಯುತ್ತಮ ನಟ ಪ್ರಶಸ್ತಿಯನ್ನು ಕೊನೆಗೆ ಉಳಿಸಿಕೊಳ್ಳಲಾಯಿತು. ಹಿಂದಿನ ವರ್ಷ ತೀರಿಕೊಂಡಿದ್ದ ಚಾಡ್ವಿಕ್ ಬೋಸ್‌ಮನ್ ಅವರಿಗೇ ಅದು ಸಲ್ಲುತ್ತದೆಂದು ಬಹುತೇಕರು ಎಣಿಸಿದ್ದರು. ಲಕೋಟೆಯಲ್ಲಿ ಇದ್ದದ್ದು ಆಂಥೊನಿ ಹಾಪ್ಕಿನ್ಸ್ ಹೆಸರು. ಅವರು ಅಲ್ಲಿರಲಿಲ್ಲ, ಅವರ ಪರವಾಗಿ ಅಕಾಡೆಮಿ ಪ್ರಶಸ್ತಿಯನ್ನು ಸ್ವೀಕರಿಸುತ್ತದೆ ಎಂಬ ಒಂದು ಮಾತಿನೊಂದಿಗೆ ಕಾರ್ಯಕ್ರಮವೇ ತಟ್ಟನೆ ಮುಗಿದುಹೋಯಿತು. ಆಗ ಹಲವರು ಹಾಪ್ಕಿನ್ಸ್ ಅವರ ಮೇಲೂ ಮತದಾರರ ಮೇಲೂ ಕೋಪಿಸಿಕೊಂಡರು. ಮತದಾರರು ತಮಗೆ ಉತ್ತಮವೆನಿಸಿದ ಅಭಿನಯಕ್ಕೆ ಮತ ಕೊಟ್ಟಿದ್ದರು, ಅಷ್ಟೆ. ಫಲಿತಾಂಶ ಮತ ಎಣಿಸಿದ ಲೆಕ್ಕಪರಿಶೋಧಕರ ಹೊರತು ನಿರ್ಮಾಪಕರಿಗೂ ಗೊತ್ತಿರುವುದಿಲ್ಲವಾದ್ದರಿಂದ, ಗೊತ್ತಿಲ್ಲದ ಫಲಿತಾಂಶದ ಮೇಲೆ ಇಡೀ ಸಮಾರಂಭದ ಮುಕ್ತಾಯವನ್ನು ಪಣವಿಟ್ಟವರು ನಿರ್ಮಾಪಕರೇ. ದೂರು ಹೋಗಬೇಕಿದ್ದದ್ದು ಅವರಿಗೆ.

ಆದ್ದರಿಂದ ನೋಡಲು ಕೂರುವ ಮುನ್ನ ಟಿಪ್ಪಣಿ ಪುಸ್ತಕದಲ್ಲಿ ಮೂರು ಪುಟಗಳನ್ನು ತೆರೆದಿಟ್ಟುಕೊಳ್ಳಿ. ಮತದಾರರ ತೀರ್ಪಿಗೆ ಒಂದು, ವೇದಿಕೆಯ ಯೋಜನೆಗೆ ಒಂದು, ಪ್ರಸಾರಕ್ಕೆ ಒಂದು. ಮನಸ್ಸಿಗೆ ಬಂದ ಪ್ರತಿಯೊಂದು ಮಾತನ್ನೂ ಇವುಗಳಲ್ಲಿ ಒಂದರಲ್ಲಿ ಬರೆಯಲೇಬೇಕೆಂಬ ಕಟ್ಟುಪಾಡು ಹಾಕಿಕೊಂಡರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಸಮಾರಂಭಕ್ಕೆ ಮುಂಚೆ

ಆಸ್ಕರ್ ಸುದ್ದಿಗಳಲ್ಲಿ ನಾಲ್ಕು ಹಂತಗಳು ಬೆರೆತುಹೋಗಿರುತ್ತವೆ. ಅರ್ಹ ಚಿತ್ರಗಳ ಪಟ್ಟಿ, ಕೆಲವು ವಿಭಾಗಗಳಿಗೆ ಮಾತ್ರ ಡಿಸೆಂಬರಿನಲ್ಲಿ ಬರುವ ಕಿರುಪಟ್ಟಿ, ನಾಮನಿರ್ದೇಶನ, ಕೊನೆಗೆ ಪ್ರಶಸ್ತಿ. 2023ರ ಜನವರಿಯಲ್ಲಿ ಪ್ರಕಟವಾದ 301 ಅರ್ಹ ಚಿತ್ರಗಳ ಪಟ್ಟಿಯಲ್ಲಿ ‘ಕಾಂತಾರ’ ಮತ್ತು ‘ವಿಕ್ರಾಂತ್ ರೋಣ’ ಕಾಣಿಸಿಕೊಂಡಾಗ, ಎರಡೂ ಆಸ್ಕರ್ ಅಂಗಳಕ್ಕೆ ಕಾಲಿಟ್ಟವೆಂದು ನಮ್ಮಲ್ಲಿ ಸಂಭ್ರಮಿಸಲಾಯಿತು. ಆ ಪಟ್ಟಿ ಯಾರೂ ಆಯ್ದು ಕೊಟ್ಟದ್ದಲ್ಲ. ಅಮೆರಿಕದ ನಿಗದಿತ ಆರು ಮಹಾನಗರ ಪ್ರದೇಶಗಳಲ್ಲಿ ಒಂದರಲ್ಲಾದರೂ ಕನಿಷ್ಠ ಏಳು ದಿನ ಚಿತ್ರಮಂದಿರದಲ್ಲಿ ಓಡಿ, ಅಗತ್ಯ ದಾಖಲೆಗಳನ್ನು ಸಲ್ಲಿಸಿದ ಚಿತ್ರಗಳ ಪಟ್ಟಿ ಅದು. ಇದರಿಂದ ಆ ಚಿತ್ರಗಳ ಗುಣವೇನೂ ಕುಗ್ಗುವುದಿಲ್ಲ. ಆದರೆ ಈ ಹಂತವನ್ನು ನಾಮನಿರ್ದೇಶನವೆಂದು ತಿಳಿದವರು ಕೆಲವೇ ದಿನಗಳ ಬಳಿಕ ನಿಜವಾದ ನಾಮನಿರ್ದೇಶನಗಳು ಹೊರಬಂದಾಗ ಕನ್ನಡಕ್ಕೆ ಅನ್ಯಾಯವಾಯಿತೆಂದು ಬರೆದರು. ಮೊದಲ ಹಂತ ಯಾವುದೆಂದು ತಿಳಿದಿದ್ದರೆ ಆ ಬರಹ ಹುಟ್ಟುತ್ತಲೇ ಇರಲಿಲ್ಲ.

ಎರಡನೆಯ ಸಿದ್ಧತೆ ಚಿತ್ರಗಳನ್ನು ನೋಡುವುದು. ಎಲ್ಲ ವಿಭಾಗಗಳ ಎಲ್ಲ ಚಿತ್ರಗಳನ್ನೂ ನೋಡುವುದು ಕೆಲಸಕಾರ್ಯವಿರುವವರಿಗೆ ಆಗದ ಮಾತು. ಎರಡು ಅಥವಾ ಮೂರು ವಿಭಾಗಗಳನ್ನು ಆರಿಸಿಕೊಂಡು, ಅವುಗಳಲ್ಲಿ ನಾಮನಿರ್ದೇಶನ ಪಡೆದ ಎಲ್ಲವನ್ನೂ ನೋಡಿ, ಉಳಿದ ವಿಭಾಗಗಳ ಫಲಿತಾಂಶದ ಬಗ್ಗೆ ತೀರ್ಪು ಕೊಡದಿರುವುದು ಪ್ರಾಮಾಣಿಕವಾದ ದಾರಿ. ಕಿರುಚಿತ್ರ ಮತ್ತು ಕಿರುಸಾಕ್ಷ್ಯಚಿತ್ರ ವಿಭಾಗಗಳನ್ನು ನಾನು ಯಾರಿಗಾದರೂ ಮೊದಲು ಸೂಚಿಸುತ್ತೇನೆ, ಏಕೆಂದರೆ ಒಂದು ವಿಭಾಗದ ಐದೂ ಚಿತ್ರಗಳನ್ನು ಒಂದೆರಡು ಸಂಜೆಗಳಲ್ಲಿ ನೋಡಿ ಮುಗಿಸಬಹುದು. ಒಂದು ವಿಭಾಗದ ಅಂತಿಮ ಸುತ್ತಿನಲ್ಲಿ ಮತ ಹಾಕಬೇಕಾದರೆ ಅಲ್ಲಿನ ಎಲ್ಲ ಚಿತ್ರಗಳನ್ನೂ ನೋಡಿರಬೇಕೆಂಬ ನಿಯಮವನ್ನು ಅಕಾಡೆಮಿ ತನ್ನ ಸದಸ್ಯರಿಗೆ ಎಲ್ಲ ವಿಭಾಗಗಳಲ್ಲೂ ವಿಧಿಸಿದ್ದೇ 2026ರ ಸಮಾರಂಭದಿಂದ. ಅಲ್ಲಿಯವರೆಗೆ ಮತದಾರರಿಗಿದ್ದ ಸಡಿಲಿಕೆಯನ್ನು ವೀಕ್ಷಕರು ತಮಗೆ ಕೊಟ್ಟುಕೊಳ್ಳದಿರುವುದು ಒಳ್ಳೆಯದು.

ಮತ ಎಣಿಸುವ ಕ್ರಮವನ್ನೂ ತಿಳಿದಿರಬೇಕು. ಬಹುತೇಕ ವಿಭಾಗಗಳಲ್ಲಿ ಅತಿ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ. ಐವರ ನಡುವೆ ಮತ ಹಂಚಿಹೋದರೆ ನೂರಕ್ಕೆ ಇಪ್ಪತ್ತಕ್ಕಿಂತ ತುಸು ಹೆಚ್ಚು ಮತ ಪಡೆದವರೂ ಗೆಲ್ಲಬಹುದು. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಬೇರೆ ಕ್ರಮವಿದೆ. ಆ ವಿಭಾಗದ ಚಿತ್ರಗಳ ಸಂಖ್ಯೆಯನ್ನು ಐದರಿಂದ ಹತ್ತಕ್ಕೆ ಏರಿಸಿದ 2010ರ ಸಮಾರಂಭದಿಂದ ಸದಸ್ಯರು ಚಿತ್ರಗಳನ್ನು ತಮ್ಮ ಇಷ್ಟದ ಅನುಕ್ರಮದಲ್ಲಿ ಬರೆಯುತ್ತಾರೆ. ಯಾವ ಚಿತ್ರಕ್ಕೂ ಮೊದಲ ಸ್ಥಾನದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ, ಅತಿ ಕಡಿಮೆ ಪಡೆದ ಚಿತ್ರವನ್ನು ಕೈಬಿಟ್ಟು, ಅದನ್ನು ಮೊದಲು ಬರೆದಿದ್ದವರ ಮತಗಳನ್ನು ಅವರ ಎರಡನೆಯ ಆಯ್ಕೆಗೆ ವರ್ಗಾಯಿಸಲಾಗುತ್ತದೆ. ಒಂದು ಚಿತ್ರ ಅರ್ಧವನ್ನು ದಾಟುವವರೆಗೂ ಇದು ಮುಂದುವರಿಯುತ್ತದೆ. ಕೆಲವರು ಹುಚ್ಚೆದ್ದು ಪ್ರೀತಿಸಿ ಉಳಿದವರು ಕೊನೆಗೆ ತಳ್ಳಿದ ಚಿತ್ರಕ್ಕಿಂತ, ಹೆಚ್ಚಿನವರು ಎರಡನೆಯದಾಗಿಯೋ ಮೂರನೆಯದಾಗಿಯೋ ಬರೆದ ಚಿತ್ರಕ್ಕೆ ಇಲ್ಲಿ ಅನುಕೂಲವಿದೆ. ನಿರ್ದೇಶನದ ಪ್ರಶಸ್ತಿ ಒಂದು ಚಿತ್ರಕ್ಕೆ, ಅತ್ಯುತ್ತಮ ಚಿತ್ರ ಪ್ರಶಸ್ತಿ ಇನ್ನೊಂದಕ್ಕೆ ಹೋದ ವರ್ಷಗಳಲ್ಲಿ ಒಳಸಂಚನ್ನು ಹುಡುಕುವ ಮುನ್ನ ಈ ಎಣಿಕೆಯ ವ್ಯತ್ಯಾಸವನ್ನು ನೆನಪಿಸಿಕೊಳ್ಳಬೇಕು.

ಇನ್ನು ಹೊತ್ತಿನ ವಿಷಯ. 2024ರಿಂದ ಸಮಾರಂಭ ಲಾಸ್ ಏಂಜಲೀಸಿನಲ್ಲಿ ಭಾನುವಾರ ಸಂಜೆ 4 ಗಂಟೆಗೆ ಶುರುವಾಗುತ್ತಿದ್ದು, ನಮಗೆ ಅದು ಸೋಮವಾರದ ಮುಂಜಾನೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಸರಿಸುವುದರಿಂದ, 2025ರಂತೆ ಅದಕ್ಕೆ ಮೊದಲೇ ನಡೆದರೆ ಬೆಳಿಗ್ಗೆ 5.30ಕ್ಕೂ, 2024ರಂತೆ ಅದೇ ದಿನ ಅಥವಾ ಆಮೇಲೆ ನಡೆದರೆ 4.30ಕ್ಕೂ ಪ್ರಸಾರ ಆರಂಭವಾಗುತ್ತದೆ. ರಾತ್ರಿಯ ಮರುಪ್ರಸಾರವನ್ನು ನೋಡಿ ಬರೆಯುವವರು ಹಾಗೆಂದು ತಿಳಿಸಿಯೇ ಬರೆಯಬೇಕು. ಫಲಿತಾಂಶ ಗೊತ್ತಿದ್ದು ನೋಡುವಾಗ ಕಾರ್ಯಕ್ರಮ ಎಳೆದಂತೆ ಅನಿಸುವುದು ಸಹಜ, ಅದಕ್ಕೆ ನಿರ್ಮಾಪಕರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ವಾಹಿನಿಗಳಲ್ಲಿ ಬರುವ ಬಹುಪಾಲು ಸಿನಿಮಾ ಪ್ರಶಸ್ತಿ ಕಾರ್ಯಕ್ರಮಗಳು ಮೊದಲೇ ಚಿತ್ರೀಕರಣಗೊಂಡು, ಕತ್ತರಿಸಿ ಜೋಡಿಸಿದ ಮೇಲೆ ಪ್ರಸಾರವಾಗುತ್ತವೆ. ಅಲ್ಲಿ ನಾವು ವಿಮರ್ಶಿಸುವುದು ಮುಕ್ಕಾಲು ಪಾಲು ಸಂಕಲನಕಾರನನ್ನು. ಆಸ್ಕರ್ ನೇರ ಪ್ರಸಾರವಾದ್ದರಿಂದ ಎಡವಟ್ಟುಗಳು ಎಡವಟ್ಟುಗಳಾಗಿಯೇ ಕಾಣುತ್ತವೆ, ಮತ್ತು ನನ್ನ ಮಟ್ಟಿಗೆ ಅದರ ದೊಡ್ಡ ಆಕರ್ಷಣೆಯೂ ಅದೇ.

ನೋಡುತ್ತಿರುವಾಗ

ಟಿಪ್ಪಣಿಯಲ್ಲಿ ಗಂಟೆ ಮತ್ತು ನಿಮಿಷವನ್ನು ಗುರುತಿಸುತ್ತ ಹೋಗಿ. ಮಧ್ಯದಲ್ಲಿ ಜೋಲಿತು ಎಂದು ಬರೆಯುವುದಕ್ಕೂ, ಎರಡನೆಯ ಗಂಟೆಯಲ್ಲಿ ನಲವತ್ತು ನಿಮಿಷಗಳ ಕಾಲ ಒಂದೇ ಒಂದು ಪ್ರಶಸ್ತಿಯನ್ನು ಕೊಡಲಾಯಿತು ಎಂದು ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. 1929ರ ಮೇ 16ರಂದು ಹಾಲಿವುಡ್ ರೂಸ್‌ವೆಲ್ಟ್ ಹೋಟೆಲಿನಲ್ಲಿ ನಡೆದ ಮೊದಲ ಸಮಾರಂಭದಲ್ಲಿ ವಿಜೇತರ ಹೆಸರು ಮೂರು ತಿಂಗಳ ಹಿಂದೆಯೇ ಎಲ್ಲರಿಗೂ ಗೊತ್ತಿದ್ದು, ಪ್ರಶಸ್ತಿ ಪ್ರದಾನ ಸುಮಾರು ಹದಿನೈದು ನಿಮಿಷಗಳಲ್ಲಿ ಮುಗಿದಿತ್ತು. 1953ರಲ್ಲಿ ಟಿವಿ ಬಂದ ಮೇಲೆ ಅವಧಿ ಬೆಳೆಯುತ್ತ ಹೋಗಿ, ‘ಲಗಾನ್’ ನಾಮನಿರ್ದೇಶನಗೊಂಡಿದ್ದ 2002ರ ಸಮಾರಂಭ ನಾಲ್ಕು ಗಂಟೆ ಇಪ್ಪತ್ತಮೂರು ನಿಮಿಷ ನಡೆಯಿತು. ಅಷ್ಟಾದರೂ ಉದ್ದ ಎಂಬುದೊಂದೇ ದೋಷವಲ್ಲ. ಆ ಹೊತ್ತು ಯಾವುದಕ್ಕೆ ಖರ್ಚಾಯಿತು ಎಂದು ನೋಡಬೇಕು.

ಇದರಲ್ಲಿ ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ. ತಾರೆಯರ ಹಾಸ್ಯಕ್ಕೆ ಹೊತ್ತು ಕೊಟ್ಟು ತಂತ್ರಜ್ಞರಿಂದ ಕಸಿದುಕೊಳ್ಳುವ ಯಾವ ಯೋಜನೆಯೂ ನನಗೆ ಒಪ್ಪಿಗೆಯಿಲ್ಲ. ಅಮೆರಿಕದಲ್ಲಿ 1998ರಲ್ಲಿ ಸುಮಾರು 5.5 ಕೋಟಿ ಇದ್ದ ವೀಕ್ಷಕರ ಸಂಖ್ಯೆ 2021ರ ಹೊತ್ತಿಗೆ ಒಂದು ಕೋಟಿಯ ಆಸುಪಾಸಿಗೆ ಇಳಿದಿತ್ತು. ಗಾಬರಿಗೊಂಡ ಅಕಾಡೆಮಿ 2022ರಲ್ಲಿ ಸಂಕಲನ, ಸಂಗೀತ ಸಂಯೋಜನೆ, ಧ್ವನಿ, ಪ್ರಸಾಧನ, ಕಿರುಸಾಕ್ಷ್ಯಚಿತ್ರ ಮುಂತಾದ ಎಂಟು ಪ್ರಶಸ್ತಿಗಳನ್ನು ನೇರ ಪ್ರಸಾರಕ್ಕೆ ಮುಂಚೆಯೇ ಕೊಟ್ಟು, ಕತ್ತರಿಸಿದ ತುಣುಕುಗಳನ್ನು ನಡುನಡುವೆ ತೋರಿಸಿತು. ಟೀಕೆಗಳ ಬಳಿಕ 2023ರಲ್ಲಿ ಎಲ್ಲ ಪ್ರಶಸ್ತಿಗಳೂ ನೇರ ಪ್ರಸಾರಕ್ಕೆ ಮರಳಿದವು. ಅದೇ ವರ್ಷ ಮುದುಮಲೆಯ ಆನೆ ಶಿಬಿರದಲ್ಲಿ ಅನಾಥ ಮರಿಯಾನೆಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಯ ಬದುಕನ್ನು ತೋರಿಸಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಕಿರುಸಾಕ್ಷ್ಯಚಿತ್ರ ಪ್ರಶಸ್ತಿ ಗೆದ್ದಿತು. ಹಿಂದಿನ ವರ್ಷದ ಏರ್ಪಾಡು ಮುಂದುವರಿದಿದ್ದರೆ, ಬಂಡೀಪುರದ ಗಡಿಯಾಚೆಗಿನ ಆ ಕಾಡಿನ ಕಥೆಗೆ ಬಂದ ಗೌರವವನ್ನು ನಾವು ಆ ಕ್ಷಣದಲ್ಲೇ ನೋಡುತ್ತಿರಲಿಲ್ಲ. ಯಾವ ಪ್ರಶಸ್ತಿಗಳು ಪ್ರಸಾರದಿಂದ ಹೊರಗುಳಿದವು ಎಂಬುದನ್ನು ಗಮನಿಸುವುದು ಆದ್ದರಿಂದ ವೀಕ್ಷಕರ ಮೊದಲ ಕೆಲಸಗಳಲ್ಲೊಂದು.

ಇಲ್ಲದ್ದನ್ನು ಗಮನಿಸುವುದು ಇದ್ದದ್ದನ್ನು ಗಮನಿಸುವುದಕ್ಕಿಂತ ಕಷ್ಟ. 1992ರ ಮಾರ್ಚಿನಲ್ಲಿ ಕೋಲ್ಕತ್ತದ ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಸತ್ಯಜಿತ್ ರಾಯ್ ಗೌರವ ಆಸ್ಕರ್ ಪ್ರತಿಮೆಯನ್ನು ಹಿಡಿದುಕೊಂಡು ಆಡಿದ ಮಾತುಗಳನ್ನು ಚಿತ್ರೀಕರಿಸಿ, ಆಡ್ರೆ ಹೆಪ್‌ಬರ್ನ್ ಅವರ ಪರಿಚಯದೊಂದಿಗೆ ಮುಖ್ಯ ಸಮಾರಂಭದಲ್ಲೇ ತೋರಿಸಲಾಗಿತ್ತು. ಮರುತಿಂಗಳು ಅವರು ತೀರಿಕೊಂಡರು. 2009ರ ನವೆಂಬರಿನಿಂದ ಗೌರವ ಪ್ರಶಸ್ತಿಗಳಿಗೆ ಪ್ರತ್ಯೇಕ ಸಮಾರಂಭವಿದ್ದು, ಅದು ಮುಖ್ಯ ಪ್ರಸಾರದ ಭಾಗವಲ್ಲ. ಅಂದರೆ ಇಂದು ಅಂಥ ಗೌರವ ಯಾರಿಗೆ ಸಂದರೂ ಬೆಳಿಗ್ಗೆ ಎದ್ದು ಕೂತವರಿಗೆ ಅದು ಸಿಗುವುದಿಲ್ಲ, ಸಿಕ್ಕರೆ ತುಣುಕಷ್ಟೆ. ಉಳಿತಾಯವಾದ ಆ ಸಮಯದಲ್ಲಿ ಏನನ್ನು ತುಂಬಿದರು ಎಂದು ನೋಡಿ ಅಭಿಪ್ರಾಯ ಬರೆಯುವುದು ಒಳ್ಳೆಯ ಅಭ್ಯಾಸ.

ಸ್ವೀಕಾರ ಭಾಷಣಗಳ ಬಗ್ಗೆ ಬರೆಯುವಾಗ ಎಷ್ಟು ಉದ್ದ ಎನ್ನುವುದರ ಜೊತೆಗೆ ಯಾರಿಗೆ ಎಷ್ಟು ಅವಕಾಶ ಸಿಕ್ಕಿತು ಎಂಬುದನ್ನು ಹೋಲಿಸಬೇಕು. ವಿಜೇತರಿಗೆ ಕೊಡುವ ಸಮಯ 45 ಸೆಕೆಂಡು. ಮೀರಿದರೆ ವಾದ್ಯವೃಂದ ನುಡಿಸಲು ತೊಡಗುತ್ತದೆ. ‘ದಿ ಎಲಿಫೆಂಟ್ ವಿಸ್ಪರರ್ಸ್’ ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವೆಸ್ ಮಾತಾಡಿದ ಬಳಿಕ ನಿರ್ಮಾಪಕಿ ಗುನೀತ್ ಮೋಂಗಾ ಬಾಯಿ ತೆರೆಯುವಷ್ಟರಲ್ಲಿ ವಾದ್ಯ ಮೊಳಗಿತು, ಅವರು ಮಾತಾಡದೆಯೇ ಇಳಿಯಬೇಕಾಯಿತು. 2025ರಲ್ಲಿ ಅತ್ಯುತ್ತಮ ನಟನಾದ ಏಡ್ರಿಯನ್ ಬ್ರೋಡಿ, ವಾದ್ಯ ಶುರುವಾದಾಗ ಅದನ್ನು ನಿಲ್ಲಿಸುವಂತೆ ಕೇಳಿಕೊಂಡು, ಐದೂವರೆ ನಿಮಿಷಕ್ಕೂ ಮಿಕ್ಕಿ ಮಾತಾಡಿದರು. ನಿಯಮ ಒಂದೇ, ಅದರ ಬಿಗಿ ಮಾತ್ರ ಇಬ್ಬರಿಗೆ ಎರಡು ಥರ. ಕಿರುಚಿತ್ರ ಮಾಡಿದವರಿಗೆ ಬಹುಶಃ ಬದುಕಿನಲ್ಲಿ ಒಮ್ಮೆ ಸಿಗುವ ವೇದಿಕೆ ಅದು. ತಾರೆಯರಿಗೆ ಮರುದಿನ ಬೆಳಗಾದರೆ ಹತ್ತು ಮೈಕುಗಳು ಕಾದಿರುತ್ತವೆ. ಹೀಗೆ ಬರೆದರೆ ದೂರಿಗೆ ತೂಕ ಬರುತ್ತದೆ, ಭಾಷಣಗಳು ಬೇಸರ ತಂದವು ಎಂಬ ಒಂದು ಸಾಲಿಗೆ ಆ ತೂಕವಿಲ್ಲ.

ಹಾಡುಗಳ ಭಾಗದಲ್ಲಿ ಗೆಲುವನ್ನೂ ಪ್ರದರ್ಶನವನ್ನೂ ಬೇರೆಬೇರೆಯಾಗಿ ತೂಗಬೇಕು. 2023ರಲ್ಲಿ ಕೀರವಾಣಿ ಮತ್ತು ಚಂದ್ರಬೋಸ್ ಅವರ ‘ನಾಟು ನಾಟು’ ಅತ್ಯುತ್ತಮ ಹಾಡಿನ ಪ್ರಶಸ್ತಿ ಪಡೆದದ್ದು ಮತದಾರರ ಲೆಕ್ಕ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಅದನ್ನು ಪರಿಚಯಿಸುವಾಗ ಸಭಿಕರು ಮತ್ತೆ ಮತ್ತೆ ಚಪ್ಪಾಳೆ ತಟ್ಟಿ ಮಾತನ್ನು ತಡೆದದ್ದು, ಕಾಲಭೈರವ ಮತ್ತು ರಾಹುಲ್ ಸಿಪ್ಲಿಗಂಜ್ ತೆಲುಗಿನಲ್ಲೇ ಹಾಡಿದ್ದು ವೇದಿಕೆಯ ಲೆಕ್ಕದ ಒಳ್ಳೆಯ ಭಾಗ. ಆ ಕುಣಿತದ ಮುಖ್ಯ ಸ್ಥಾನಗಳಲ್ಲಿ ದಕ್ಷಿಣ ಏಷ್ಯಾದ ನರ್ತಕರು ಇರಲಿಲ್ಲವೆಂಬ ಟೀಕೆಯೂ ಅದೇ ಲೆಕ್ಕಕ್ಕೆ ಸೇರುತ್ತದೆ, ಮತ್ತು ಆ ಟೀಕೆ ನ್ಯಾಯವಾದದ್ದೆಂದು ನನ್ನ ಅಭಿಪ್ರಾಯ. ಗೆದ್ದ ಸಂತೋಷದಲ್ಲಿ ಅದನ್ನು ಅಳಿಸುವ ಅಗತ್ಯವಿಲ್ಲ, ಅದಿದೆಯೆಂದು ಸಂತೋಷವನ್ನು ಬಿಟ್ಟುಕೊಡಬೇಕಾಗಿಯೂ ಇಲ್ಲ. 2025ರಲ್ಲಂತೂ ನಾಮನಿರ್ದೇಶನಗೊಂಡ ಹಾಡುಗಳನ್ನು ವೇದಿಕೆಯಲ್ಲಿ ಹಾಡಿಸಲೇ ಇಲ್ಲ. ಅದೇ ಏರ್ಪಾಡು 2023ರಲ್ಲಿ ಇದ್ದಿದ್ದರೆ ನಮ್ಮಲ್ಲಿ ಆ ಬೆಳಗಿನ ನೆನಪೇ ಬೇರೆಯಾಗಿರುತ್ತಿತ್ತು.

ನಿರೂಪಕರ ಬಗ್ಗೆ ಹೆಚ್ಚು ಬರೆಯುವುದು ರೂಢಿ. ನಾನು ಕಡಿಮೆ ಬರೆಯಿರಿ ಎನ್ನುತ್ತೇನೆ. ಆರಂಭದ ಹತ್ತು ನಿಮಿಷಗಳ ಹಾಸ್ಯಕ್ಕಿಂತ, ಏನಾದರೂ ತಪ್ಪಿದಾಗ ಅವರು ಹೇಗೆ ನಿಭಾಯಿಸಿದರು ಎಂಬುದು ಮುಖ್ಯ. 2019ರಿಂದ 2021ರವರೆಗೆ ಮೂರು ವರ್ಷ ನಿರೂಪಕರೇ ಇಲ್ಲದೆ ಸಮಾರಂಭ ನಡೆದಿದೆ. ಆದರೂ ಒಂದು ಮಾತು. 2025ರ ನಿರೂಪಕ ಕೊನನ್ ಒಬ್ರಯನ್ ಹಲವು ದೇಶದವರನ್ನು ಅವರವರ ನುಡಿಯಲ್ಲಿ ಮಾತಾಡಿಸುತ್ತ ಭಾರತೀಯರಿಗೆ ಹಿಂದಿಯಲ್ಲಿ ನಮಸ್ಕಾರ ಹೇಳಿ, ತಿಂಡಿ ತಿನ್ನುತ್ತ ಆಸ್ಕರ್ ನೋಡಿರೆಂದು ತಮಾಷೆ ಮಾಡಿದರು. ಎರಡೇ ವರ್ಷಗಳ ಹಿಂದೆ ಅದೇ ವೇದಿಕೆಯಲ್ಲಿ ತೆಲುಗು ಹಾಡೊಂದು ಗೆದ್ದಿದ್ದರೂ ಭಾರತವೆಂದರೆ ಹಿಂದಿ ಎಂಬ ಎಣಿಕೆ ಬದಲಾಗಿರಲಿಲ್ಲ. ಕನ್ನಡದ ವೀಕ್ಷಕರು ಇದನ್ನು ಸಿಟ್ಟಿಲ್ಲದೆ, ಸ್ಪಷ್ಟವಾಗಿ ದಾಖಲಿಸಬಹುದು.

ಅಗಲಿದವರನ್ನು ನೆನೆಯುವ ಭಾಗವನ್ನು ಪೆನ್ನು ಕೆಳಗಿಡದೆ ನೋಡಿ. 2021ರಲ್ಲಿ ಇರ್ಫಾನ್ ಖಾನ್ ಅವರನ್ನೂ, 1983ರಲ್ಲಿ ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ ಆಸ್ಕರ್ ಪಡೆದು ಆ ಗೌರವಕ್ಕೆ ಪಾತ್ರರಾದ ಮೊದಲ ಭಾರತೀಯರಾದ ಭಾನು ಅಥೈಯಾ ಅವರನ್ನೂ ನೆನೆಯಲಾಯಿತು. ಆದರೆ ಚಿತ್ರಗಳು ಎಷ್ಟು ಬೇಗ ಸರಿದುಹೋದವೆಂದರೆ ಹೆಸರು ಓದುವಷ್ಟರಲ್ಲಿ ಮುಂದಿನ ಮುಖ ಬಂದಿರುತ್ತಿತ್ತು. 2022ರಲ್ಲಿ ಲತಾ ಮಂಗೇಶ್ಕರ್ ಮತ್ತು ದಿಲೀಪ್ ಕುಮಾರ್ ಅವರ ಹೆಸರುಗಳು ಪ್ರಸಾರದಲ್ಲಿ ಬರಲೇ ಇಲ್ಲ, ಮೇಲಾಗಿ ಕ್ಯಾಮೆರಾ ಸ್ಮರಣೆಯ ಪರದೆಯನ್ನು ಬಿಟ್ಟು ಹಾಡಿ ಕುಣಿಯುವವರ ಕಡೆಗೆ ಹೊರಳುತ್ತಿತ್ತು. ಹೆಸರನ್ನು ಬಿಟ್ಟದ್ದು ಒಂದು ದೂರು, ಇದ್ದ ಹೆಸರನ್ನು ಕಾಣದಂತೆ ತೋರಿಸಿದ್ದು ಇನ್ನೊಂದು. ಹೆಸರು ಬಿಟ್ಟುಹೋಗಿದೆ ಎಂದು ಬರೆಯುವ ಮುನ್ನ ಅಕಾಡೆಮಿಯ ಜಾಲತಾಣದಲ್ಲಿರುವ ಹೆಚ್ಚು ವಿಸ್ತಾರವಾದ ಪಟ್ಟಿಯನ್ನೂ ನೋಡಿಕೊಳ್ಳಿ.

ಅನಿರೀಕ್ಷಿತ ಘಟನೆಗಳು ನಡೆದಾಗಲೇ ಮೂರು ಪುಟಗಳ ಉಪಯೋಗ ತಿಳಿಯುವುದು. 2022ರ ಮಾರ್ಚ್ 27ರಂದು ವಿಲ್ ಸ್ಮಿತ್ ವೇದಿಕೆಗೆ ಹೋಗಿ ಕ್ರಿಸ್ ರಾಕ್ ಅವರ ಕೆನ್ನೆಗೆ ಹೊಡೆದದ್ದು ಒಬ್ಬ ವ್ಯಕ್ತಿಯ ಕೃತ್ಯ. ಹೊಡೆದವರು ಅಲ್ಲೇ ಕುಳಿತಿರಲು ಬಿಟ್ಟು, ಒಂದು ಗಂಟೆಯೊಳಗೆ ಅತ್ಯುತ್ತಮ ನಟನಾಗಿ ವೇದಿಕೆಯೇರಿ ಭಾಷಣ ಮಾಡಲು ಎಡೆಗೊಟ್ಟದ್ದು ಆಯೋಜಕರ ನಿರ್ಧಾರ. ನಟನೆಗೆ ಪ್ರಶಸ್ತಿ ಕೊಟ್ಟ ಮತ ಅದಕ್ಕೂ ಮುಂಚೆ ಎಣಿಕೆಯಾಗಿ ಮುಗಿದದ್ದು, ಅದಕ್ಕೂ ಹೊಡೆತಕ್ಕೂ ಸಂಬಂಧವಿಲ್ಲ. ನೇರ ಪ್ರಸಾರದಲ್ಲಿ ಕೆಲವು ಸೆಕೆಂಡುಗಳ ವಿಳಂಬ ಇಟ್ಟಿರುವುದರಿಂದ, ಆಗ ಸ್ಮಿತ್ ಕೂಗಿ ಆಡಿದ ಮಾತಿನ ಧ್ವನಿಯನ್ನು ಎಬಿಸಿ ಅಡಗಿಸಿತು. ಜಪಾನ್ ಮತ್ತು ಆಸ್ಟ್ರೇಲಿಯಾದ ಪ್ರಸಾರಗಳಲ್ಲಿ ಅದೇ ಮಾತು ಪೂರ್ತಿ ಕೇಳಿಸಿತು. ಹಾಗಾಗಿ ಯಾವ ದೇಶದ ಪ್ರಸಾರವನ್ನು ನೋಡಿದಿರಿ ಎಂದು ತಿಳಿಸುವುದು ಅಗತ್ಯ. ಸ್ಯಾನ್ ಹೋಸೆಯಲ್ಲಿ ಕುಳಿತು ಎಬಿಸಿ ನೋಡುವ ಕನ್ನಡಿಗರಿಗೂ ಮೈಸೂರಿನಲ್ಲಿ ಫೋನಿನಲ್ಲಿ ನೋಡುವವರಿಗೂ ಜಾಹೀರಾತು ವಿರಾಮಗಳಲ್ಲಿ ಕಾಣುವುದು ಒಂದೇ ಅಲ್ಲ. ಈ ಗದ್ದಲದಲ್ಲಿ ಹೆಚ್ಚಿನವರು ಬರೆಯದೆ ಬಿಟ್ಟ ಒಂದು ಸಂಗತಿಯಿದೆ. ಕ್ರಿಸ್ ರಾಕ್ ಅಂದು ಬಂದಿದ್ದದ್ದು ಅತ್ಯುತ್ತಮ ಸಾಕ್ಷ್ಯಚಿತ್ರ ಪ್ರಶಸ್ತಿ ಕೊಡಲು. ಉತ್ತರ ಪ್ರದೇಶದ ಗ್ರಾಮೀಣ ಪತ್ರಕರ್ತೆಯರನ್ನು ಕುರಿತ ಭಾರತದ ‘ರೈಟಿಂಗ್ ವಿತ್ ಫೈರ್’ ಆ ವಿಭಾಗದಲ್ಲಿ ನಾಮನಿರ್ದೇಶನಗೊಂಡಿತ್ತು. ಗೆದ್ದವರ ಭಾಷಣವೂ ಸೋತವರ ಹೆಸರೂ ಯಾರ ನೆನಪಿನಲ್ಲೂ ಉಳಿಯಲಿಲ್ಲ.

2017ರ ಲಕೋಟೆ ಪ್ರಸಂಗವನ್ನು ಇದರ ಜೊತೆಗಿಟ್ಟು ನೋಡಬಹುದು. ವೇದಿಕೆಯ ಎರಡೂ ಬದಿಗಳಲ್ಲಿ ಲೆಕ್ಕಪರಿಶೋಧಕರು ಒಂದೊಂದು ಪೂರ್ಣ ಲಕೋಟೆಗಳ ಕಟ್ಟನ್ನು ಹಿಡಿದು ನಿಂತಿರುತ್ತಾರೆ. ಅತ್ಯುತ್ತಮ ನಟಿ ವಿಭಾಗದ ಬಳಸದೆ ಉಳಿದಿದ್ದ ಪ್ರತಿಯನ್ನು ಅತ್ಯುತ್ತಮ ಚಿತ್ರ ಘೋಷಿಸಬೇಕಿದ್ದ ವಾರೆನ್ ಬೀಟಿ ಅವರ ಕೈಗೆ ಕೊಡಲಾಗಿತ್ತು. ಕಾರ್ಡಿನಲ್ಲಿ ವಿಭಾಗದ ಹೆಸರು ಕೆಳಗೆ ಸಣ್ಣ ಅಕ್ಷರಗಳಲ್ಲಿತ್ತು. ‘ಲಾ ಲಾ ಲ್ಯಾಂಡ್’ ತಂಡ ಭಾಷಣ ಮಾಡುತ್ತಿರುವಾಗಲೇ ಪ್ರಶಸ್ತಿ ‘ಮೂನ್‌ಲೈಟ್’ ಚಿತ್ರದ್ದೆಂದು ತಿಳಿಯಿತು. ಎಚ್ಚರದಿಂದ ನೋಡುತ್ತಿದ್ದವರಿಗೆ ಬೀಟಿ ಕಾರ್ಡನ್ನು ನೋಡಿ ತಡವರಿಸಿ, ಲಕೋಟೆಯೊಳಗೆ ಮತ್ತೆ ಹುಡುಕಿದ್ದು ಕಂಡಿತ್ತು. ಹೆಸರು ಓದಿದ ಹಿರಿಯ ನಟರನ್ನು ಗೇಲಿ ಮಾಡಿದ ಬರಹಗಳು ಅಂದು ಬೇಕಾದಷ್ಟು ಬಂದವು. ಲಕೋಟೆ ಯಾರ ಕೈಯಿಂದ ಬಂತೆಂದು ಕೇಳಿದ ಬರಹಗಳೇ ಸರಿಯಾದ ಜಾಗಕ್ಕೆ ಮುಟ್ಟಿದವು.

ಬರೆಯಲು ಕುಳಿತಾಗ

ಸಮಾರಂಭ ಮುಗಿದ ಕೂಡಲೇ ಬರೆಯಬಹುದು, ಪ್ರಕಟಿಸಲು ಸಂಜೆಯವರೆಗೆ ಕಾಯಿರಿ. ವಿಜೇತರ ಹೆಸರು, ಚಿತ್ರದ ಹೆಸರು, ವಿಭಾಗದ ಹೆಸರುಗಳನ್ನು ಅಧಿಕೃತ ಪಟ್ಟಿಯೊಂದಿಗೆ ತಾಳೆ ನೋಡಿ. ಮೂರು ಪುಟಗಳಲ್ಲಿ ಯಾವುದು ಹೆಚ್ಚು ತುಂಬಿದೆಯೋ ಅದರಿಂದಲೇ ಬರಹವನ್ನು ಶುರುಮಾಡಿ. ಪ್ರಶಸ್ತಿಗಳ ಪಟ್ಟಿ ಓದುಗರಿಗೆ ಆಗಲೇ ಸಿಕ್ಕಿರುತ್ತದೆ. ಒಂದು ಪುಟ ಖಾಲಿಯಿದ್ದರೆ ಅದನ್ನು ತುಂಬಿಸಲು ಹೋಗಬೇಡಿ.

ಮತದಾರರ ತೀರ್ಪನ್ನು ಒಪ್ಪದಿದ್ದರೆ ಗೆದ್ದ ಚಿತ್ರಕ್ಕಿಂತ ನಿಮ್ಮ ಆಯ್ಕೆ ಯಾವ ಗುಣದಲ್ಲಿ ಮೇಲು ಎಂದು ಒಂದು ದೃಶ್ಯವನ್ನೋ ಒಂದು ಧ್ವನಿಯನ್ನೋ ಹಿಡಿದು ತೋರಿಸಿ. ಸಂಕಲನದ ಪ್ರಶಸ್ತಿಯನ್ನು ವಿಮರ್ಶಿಸುವಾಗ ಕಥೆ ಇಷ್ಟವಾಗಲಿಲ್ಲ ಎಂಬುದು ಕಾರಣವಾಗದು. 2025ರಲ್ಲಿ ಶಾನ್ ಬೇಕರ್ ಒಂದೇ ಚಿತ್ರಕ್ಕೆ ನಿರ್ಮಾಪಕರಾಗಿ, ನಿರ್ದೇಶಕರಾಗಿ, ಚಿತ್ರಕಥೆಗಾರರಾಗಿ, ಸಂಕಲನಕಾರರಾಗಿ ನಾಲ್ಕು ಆಸ್ಕರ್ ಪಡೆದಾಗ, ನಾಲ್ಕನ್ನೂ ಒಂದೇ ಮೆಚ್ಚುಗೆ ಅಥವಾ ಒಂದೇ ಅಸಮಾಧಾನದಲ್ಲಿ ಕಟ್ಟಿಹಾಕಿದ ಬರಹಗಳೇ ಹೆಚ್ಚಾಗಿದ್ದವು. ನಾಲ್ಕು ಕೆಲಸಗಳನ್ನು ಬಿಡಿಸಿ ನೋಡಿದ್ದರೆ ಒಂದೆರಡನ್ನು ಒಪ್ಪಿ ಉಳಿದದ್ದನ್ನು ಪ್ರಶ್ನಿಸಲು ಆಗುತ್ತಿತ್ತು.

ಉಡುಪಿನ ಬಗ್ಗೆ ಬರೆಯುವ ಆಸೆಯಿದ್ದವರು ಬರೆಯಲಿ, ತೊಟ್ಟವರ ಮೈಕಟ್ಟನ್ನು ಬಿಟ್ಟು ಹೊಲಿದವರ ಕೆಲಸವನ್ನು ಕುರಿತು ಬರೆದರೆ ಸಾಕು.

ಮುಂದಿನ ವರ್ಷಗಳಿಗೆ ಟಿಪ್ಪಣಿಗಳನ್ನು ಇಟ್ಟುಕೊಳ್ಳುವವರು ಪ್ರಸಾರದ ಪುಟದಲ್ಲಿ ಜಾಗ ಬಿಟ್ಟಿರಬೇಕು. 2029ರ 101ನೆಯ ಸಮಾರಂಭದಿಂದ ಪ್ರಸಾರದ ಹಕ್ಕು ಎಬಿಸಿಯಿಂದ ಯೂಟ್ಯೂಬಿಗೆ ಹೋಗಲಿದೆಯೆಂದು ಅಕಾಡೆಮಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿದೆ. ವಾಹಿನಿಯ ರಾತ್ರಿಯ ವೇಳಾಪಟ್ಟಿಗೆ ಹೊಂದಿಕೊಳ್ಳುವ ಒತ್ತಡ ಇಲ್ಲವಾದ ಮೇಲೂ 45 ಸೆಕೆಂಡಿನ ಭಾಷಣಕ್ಕೆ ವಾದ್ಯ ಮೊಳಗುತ್ತದೆಯೇ, ಪ್ರತ್ಯೇಕಗೊಂಡ ಗೌರವ ಪ್ರಶಸ್ತಿಗಳು ಮುಖ್ಯ ವೇದಿಕೆಗೆ ಮರಳುತ್ತವೆಯೇ ಎಂದು ಅಂದು ಗಮನಿಸಬೇಕು. ಹಲವು ಭಾಷೆಗಳಲ್ಲಿ ಅಡಿಬರಹ ಮತ್ತು ಧ್ವನಿಯ ಸೌಲಭ್ಯ ಇರುತ್ತದೆಂದೂ ಆಗ ಹೇಳಲಾಗಿದೆ. ಆ ಬೆಳಿಗ್ಗೆ ಭಾಷೆಗಳ ಪಟ್ಟಿಯನ್ನು ತೆರೆದು, ಅದರಲ್ಲಿ ಕನ್ನಡ ಇದೆಯೇ ಇಲ್ಲವೇ ಎಂಬುದನ್ನು ಮೊದಲ ಟಿಪ್ಪಣಿಯಾಗಿ ಬರೆದುಕೊಳ್ಳಿ.